ಜೋಡಾಟಕ್ಕೆ ಎರಡು ರಂಗಸ್ಥಳ, ಆಫೀಸಿಗೆ ಒಂದೇ ಕುರ್ಚಿ

ಒಂದು ಹಾರರ್ ಸಿನಿಮಾ ಆಗಬೇಕಿದೆ. ನಿರ್ದೇಶಕ ಯಾರು ಎಂಬುದೊಂದೇ ಪ್ರಶ್ನೆ. ಸ್ಟುಡಿಯೊದಲ್ಲಿ ಬಹಳ ವರ್ಷಗಳಿಂದ ಇರುವ ಸ್ಯಾಲ್ ಒಬ್ಬರ ಹೆಸರು ಹೇಳುತ್ತಾನೆ. ಮೊನ್ನೆ ಮೊನ್ನೆಯವರೆಗೆ ಬಾಸ್‌ಗೆ ಸಹಾಯಕಿಯಾಗಿದ್ದು ಈಗಷ್ಟೇ ಬಡ್ತಿ ಪಡೆದ ಕ್ವಿನ್ ಇನ್ನೊಬ್ಬರ ಹೆಸರು ಹೇಳುತ್ತಾಳೆ. ಇಬ್ಬರಿಗೂ ಸಂಬಳ ಕೊಡುವುದು ಒಂದೇ ಕಂಪನಿ. ಸಿನಿಮಾ ಗೆದ್ದರೆ ಇಬ್ಬರಿಗೂ ಒಳ್ಳೆಯದೇ. ಆದರೂ ಶುರುವಾಗುತ್ತದೆ ನೋಡಿ ಸುಳ್ಳು, ಚಾಡಿ, ಕಾಲೆಳೆದಾಟ.

ಆಪಲ್ ಟಿವಿಯಲ್ಲಿ 2025ರ ಮಾರ್ಚ್‌ನಲ್ಲಿ ಶುರುವಾದ ‘ದಿ ಸ್ಟುಡಿಯೊ’ ಎಂಬ ಹಾಸ್ಯ ಸರಣಿಯ ಕಂತಿದು. ಹಾಲಿವುಡ್ ತನ್ನನ್ನು ತಾನೇ ಗೇಲಿ ಮಾಡಿಕೊಂಡ ಹತ್ತು ಕಂತುಗಳ ಈ ಸರಣಿಗೆ ಅದೇ ವರ್ಷ 13 ಎಮ್ಮಿ ಪ್ರಶಸ್ತಿ ಬಂದವು. ಹಾಸ್ಯ ಸರಣಿಯೊಂದಕ್ಕೆ ಒಂದೇ ವರ್ಷದಲ್ಲಿ ಇಷ್ಟು ಪ್ರಶಸ್ತಿ ಹಿಂದೆಂದೂ ಬಂದಿರಲಿಲ್ಲ. ಪರೀಕ್ಷೆ ಮುಗಿಸಿದ ವಾರ ನಾವು ನಾಲ್ಕೈದು ಜನ ಕೂತು ನೋಡಿದೆವು. ನಕ್ಕದ್ದು ಹೌದು. ಆದರೆ ಸ್ಯಾಲ್-ಕ್ವಿನ್ ಜಗಳ ನೋಡುವಾಗ ಒಬ್ಬ ಗೆಳೆಯ, ‘ಇದು ನಮ್ಮ ಕ್ಲಾಸಿನದ್ದೇ ಕಥೆ ಮಾರಾಯ’ ಎಂದ. ಮತ್ತೆ ಯಾರೂ ಜಾಸ್ತಿ ನಗಲಿಲ್ಲ.

ಇವರಿಬ್ಬರಲ್ಲಿ ಕೆಟ್ಟವರು ಯಾರು ಎಂದು ಹುಡುಕುತ್ತಾ ಹೋದರೆ ಉತ್ತರ ಸಿಗುವುದಿಲ್ಲ. ಅವರ ತಲೆಯ ಮೇಲೆ ಕೂತಿರುವ ಬಾಸ್‌ನನ್ನು ನೋಡಬೇಕು. ಸೇತ್ ರೋಗನ್ ಮಾಡಿದ ಮ್ಯಾಟ್ ರೆಮಿಕ್ ಎಂಬ ಪಾತ್ರ ಅದು. ಮ್ಯಾಟ್‌ಗೆ ಒಳ್ಳೆಯ ಸಿನಿಮಾ ಮಾಡುವ ಆಸೆ. ಆದರೆ ಅವನಿಗೆ ಆ ಕುರ್ಚಿ ಸಿಗುವುದೇ ಶರಬತ್ತಿನ ಪುಡಿಯ ಬ್ರಾಂಡ್ ಒಂದರ ಮೇಲೆ ಸಿನಿಮಾ ತೆಗೆಯುತ್ತೇನೆಂದು ಒಪ್ಪಿಕೊಂಡ ಮೇಲೆ. ಎಲ್ಲರಿಗೂ ತಾನು ಇಷ್ಟವಾಗಬೇಕು, ಯಾರಿಗೂ ‘ಇಲ್ಲ’ ಎನ್ನಬಾರದು. ಇಂಥವನ ಕೈಕೆಳಗೆ ಕೆಲಸ ಮಾಡುವವರಿಗೆ ನಿಯಮ ಎಂಬುದೇ ಇರುವುದಿಲ್ಲ, ಇರುವುದು ಅವನ ಮೂಡ್ ಮಾತ್ರ. ಹಾಗಾಗಿ ಒಳ್ಳೆಯ ನಿರ್ದೇಶಕನನ್ನು ಹುಡುಕುವುದಕ್ಕಿಂತ, ಬಾಸ್ ಕಿವಿಗೆ ಕೊನೆಯದಾಗಿ ಮಾತು ಹಾಕಿದವರು ಯಾರು ಎಂಬುದೇ ಮುಖ್ಯವಾಗಿಬಿಡುತ್ತದೆ.

ಸ್ಪರ್ಧೆ ಎಂದರೆ ನಮ್ಮ ಕಡೆಯವರಿಗೆ ಹೊಸತಲ್ಲ. ಬ್ರಹ್ಮಾವರದಿಂದ ಬೈಂದೂರಿನ ತನಕ ಯಾರನ್ನು ಕೇಳಿದರೂ ಜೋಡಾಟದ ಬಗ್ಗೆ ಹೇಳುತ್ತಾರೆ. ಒಂದೇ ಬಯಲು, ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಆ ಬದಿಯ ಭಾಗವತರು ಏರು ಪದ ಎತ್ತಿದರೆ ಈ ಬದಿಯ ಚೆಂಡೆ ಸುಮ್ಮನೆ ಕೂರುವುದಿಲ್ಲ. ಸಾಲಿಗ್ರಾಮ ಮೇಳ, ಪೆರ್ಡೂರು ಮೇಳ ಎಂದು ಅಭಿಮಾನಿಗಳು ವಾರಗಟ್ಟಲೆ ವಾದ ಮಾಡುತ್ತಾರೆ. ಪೈಪೋಟಿ ಇದಕ್ಕಿಂತ ಜೋರು ಬೇಕೆ? ಆದರೆ ಅಲ್ಲಿ ಗುಟ್ಟಿಲ್ಲ. ಎರಡೂ ಕಡೆಗೆ ರಂಗಸ್ಥಳ ಉಂಟು, ಬೆಳಕು ಉಂಟು, ಕಥೆಯೂ ಒಂದೇ. ತೀರ್ಪು ಕೊಡುವವರು ನಡುವೆ ಕೂತ ಪ್ರೇಕ್ಷಕರು. ಕುಣಿತ ಎಲ್ಲಿ ಚಂದವೋ ಅತ್ತ ಕುತ್ತಿಗೆ ತಿರುಗುತ್ತದೆ. ಚಾಡಿ ಹೇಳಿ ಜೋಡಾಟ ಗೆಲ್ಲಲು ಆಗುವುದಿಲ್ಲ, ಕುಣಿದೇ ಗೆಲ್ಲಬೇಕು.

ಆಫೀಸಿನಲ್ಲಿ ಇದೇ ಪೈಪೋಟಿ ಮುಚ್ಚಿದ ಬಾಗಿಲಿನ ಹಿಂದೆ ಹೋಗುತ್ತದೆ. ಇದಕ್ಕೆ ಹಾಲಿವುಡ್ಡೇ ಬೇಕೆಂದಿಲ್ಲ. ನಾವು ಬಿಇ ಓದುತ್ತಿರುವವರು ನಾಳೆ ಹೋಗಿ ಸೇರುವ ಐಟಿ ಕಂಪನಿಗಳ ಚರಿತ್ರೆಯಲ್ಲೇ ಇದು ಇದೆ. ಅಮೆರಿಕದ ಜಿಇ ಕಂಪನಿಯ ಮುಖ್ಯಸ್ಥ ಜಾಕ್ ವೆಲ್ಶ್ ಉದ್ಯೋಗಿಗಳನ್ನು 20-70-10 ಎಂದು ಭಾಗ ಮಾಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಮೇಲಿನ 20ಕ್ಕೆ ಬಹುಮಾನ, ಕೆಳಗಿನ 10ಕ್ಕೆ ಬಾಗಿಲು. ತಂಡದ ಹತ್ತೂ ಜನ ಚೆನ್ನಾಗಿ ಕೆಲಸ ಮಾಡಿದರೂ ಒಬ್ಬರನ್ನು ‘ಕಳಪೆ’ ಎಂದು ಬರೆಯಲೇಬೇಕು. ಮೈಕ್ರೋಸಾಫ್ಟ್‌ನಲ್ಲಿಯೂ ಇಂಥದ್ದೇ ರ‍್ಯಾಂಕಿಂಗ್ ಇತ್ತು. ಪಕ್ಕದವನು ಸೋತರೆ ನನಗೆ ಲಾಭ ಎಂದಾದ ಮೇಲೆ ಯಾರು ಯಾರಿಗೆ ಕೋಡ್ ಹೇಳಿಕೊಡುತ್ತಾರೆ? 2013ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಆ ಪದ್ಧತಿಯನ್ನೇ ಕೈಬಿಟ್ಟಿತು. ಆದರೆ ‘ಬೆಲ್ ಕರ್ವ್’ ಎಂಬ ಮಾತು ಬೆಂಗಳೂರಿನಿಂದ ಊರಿಗೆ ಬರುವ ಸೀನಿಯರ್‌ಗಳ ಬಾಯಲ್ಲಿ ಇನ್ನೂ ಕೇಳುತ್ತದೆ, ಅದೂ ಬೇಸರದಲ್ಲಿ.

ಕ್ಯಾಂಪಸ್ ಸಂದರ್ಶನದ ದಿನ ಇದರ ಸಣ್ಣ ರೂಪ ಕಾಣುತ್ತದೆ. ಒಳಗೆ ಹೋಗಿ ಬಂದವನನ್ನು ಹೊರಗೆ ಕಾಯುತ್ತಿರುವವರು ಸುತ್ತುವರಿಯುತ್ತಾರೆ. ‘ಎಂತ ಕೇಂಡ್ರ್ ಮಾರಾಯ?’ ‘ಎಂತ ಇಲ್ಲ, ಬರೀ ಸೆಲ್ಫ್ ಇಂಟ್ರೊ.’ ಮುಕ್ಕಾಲು ಗಂಟೆ ಬರೀ ಸೆಲ್ಫ್ ಇಂಟ್ರೊ! ಪ್ರಾಜೆಕ್ಟ್‌ನಲ್ಲೂ ಅಷ್ಟೆ. ರಾತ್ರಿ ಕೂತು ಸರ್ಕ್ಯೂಟ್ ಸರಿ ಮಾಡಿದವಳು ಒಬ್ಬಳು, ಬೆಳಿಗ್ಗೆ ಪಿಪಿಟಿ ಹಿಡಿದು ‘ನಾನು ಡಿಸೈನ್ ಮಾಡಿದೆ’ ಎನ್ನುವವನು ಇನ್ನೊಬ್ಬ. ಇವರೆಲ್ಲ ಸ್ವಭಾವದಲ್ಲಿ ಕೆಟ್ಟವರೇನಲ್ಲ. ಅಕ್ಕನ ಮದುವೆಗೆ ಕರೆದರೆ ಬಂದು ಊಟ ಬಡಿಸುವವರೇ. ಬರುವ ಕಂಪನಿ ಒಂದು, ಕೆಲಸ ಎರಡೋ ಮೂರೋ, ಆಯ್ಕೆ ಯಾವುದರ ಮೇಲೆ ಎಂದು ಯಾರೂ ಹೇಳುವುದಿಲ್ಲ. ಹಾಗಿರುವಾಗ ಗೆಳೆಯನೂ ಸ್ಯಾಲ್ ಆಗುತ್ತಾನೆ.

ಇನ್ನು ಸಿನಿಮಾದ ಮಾತಿಗೇ ಬರೋಣ. ಈಗ ಅದು ನಮ್ಮ ಅಂಗಳದ ಉದ್ಯಮವೂ ಹೌದಲ್ಲ! ಕುಂದಾಪುರ ತಾಲ್ಲೂಕಿನ ಕೆರಾಡಿಯ ರಿಷಬ್ ಶೆಟ್ಟಿ 2022ರಲ್ಲಿ ‘ಕಾಂತಾರ’ವನ್ನು ತಮ್ಮ ಊರಿನಲ್ಲೇ ಚಿತ್ರೀಕರಿಸಿದರು, ಅದರ ನಟನೆಗೆ ರಾಷ್ಟ್ರಪ್ರಶಸ್ತಿ ಬಂತು. ‘ಕೆಜಿಎಫ್’ಗೆ ಸಂಗೀತ ಕೊಟ್ಟ ರವಿ ಬಸ್ರೂರು ತಮ್ಮ ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡವರು. ನನಗೆ ಕುತೂಹಲ ಇರುವುದು ರಿಷಬ್, ರಕ್ಷಿತ್ ಶೆಟ್ಟಿ, ರಾಜ್ ಬಿ. ಶೆಟ್ಟಿ ಈ ಮೂವರ ಬಗ್ಗೆ. ಮೂವರೂ ಕರಾವಳಿಯವರು, ಮೂವರೂ ನಟರು, ಮೂವರೂ ನಿರ್ದೇಶಕರು. ಲೆಕ್ಕದ ಪ್ರಕಾರ ಇವರು ಕಿತ್ತಾಡಬೇಕಿತ್ತು. ಆದರೆ 2014ರ ‘ಉಳಿದವರು ಕಂಡಂತೆ’ಗೆ ರಕ್ಷಿತ್ ನಿರ್ದೇಶಕ, ರಿಷಬ್ ನಟ. 2016ರ ‘ರಿಕ್ಕಿ’, ‘ಕಿರಿಕ್ ಪಾರ್ಟಿ’ಗಳಿಗೆ ರಿಷಬ್ ನಿರ್ದೇಶಕ, ರಕ್ಷಿತ್ ನಾಯಕ. 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ರಾಜ್ ನಿರ್ದೇಶಕ, ರಿಷಬ್ ಅವರ ಎದುರು ನಟ. ಕುರ್ಚಿ ಒಂದೇ ಆದರೂ ಅದು ಒಂದೇ ಕಡೆ ನಿಲ್ಲಲಿಲ್ಲ. ಇಂದು ನಿನ್ನ ಕೈಕೆಳಗೆ ನಾನು, ನಾಳೆ ನನ್ನ ಕೈಕೆಳಗೆ ನೀನು ಎಂದಿರುವಾಗ ಕಾಲೆಳೆಯುವುದು ಅಷ್ಟು ಸುಲಭವಲ್ಲ. ಯಕ್ಷಗಾನದಲ್ಲಿ ಜೋಡಾಟದ ಜೊತೆಗೆ ಕೂಡಾಟವೂ ಉಂಟು, ಎರಡು ಮೇಳದ ಕಲಾವಿದರು ಒಂದೇ ರಂಗಸ್ಥಳದಲ್ಲಿ. ಇದು ಆ ಜಾತಿಯದ್ದು. ಸೋಷಿಯಲ್ ಮೀಡಿಯಾದಲ್ಲಿ ಮಾತ್ರ ಇವರ ಅಭಿಮಾನಿಗಳು ಯಾರು ದೊಡ್ಡವರು ಎಂದು ಇನ್ನೂ ಹೊಡೆದಾಡುತ್ತಲೇ ಇದ್ದಾರೆ!

ಇವರಿಗಿಂತ ಮೊದಲು ಕೋಟೇಶ್ವರದ ಕಾಶೀನಾಥ್ ಇದ್ದರು. ‘ಅಪರಿಚಿತ’, ‘ಅನುಭವ’ ಮಾಡಿದವರು, 2018ರ ಜನವರಿಯಲ್ಲಿ ತೀರಿಕೊಂಡರು. ಅವರ ಗರಡಿಯಿಂದಲೇ ಉಪೇಂದ್ರ, ವಿ. ಮನೋಹರ್ ಬಂದರು. ಉಪೇಂದ್ರ ಮುಂದೆ ಗುರುವಿಗಿಂತ ದೊಡ್ಡ ಹೆಸರಾದರು. ಮ್ಯಾಟ್‌ನಂಥ ಬಾಸ್ ಆಗಿದ್ದರೆ ಸಹಾಯಕನಲ್ಲಿ ಪ್ರತಿಭೆ ಕಂಡ ದಿನವೇ ಹೆದರಿಬಿಡುತ್ತಿದ್ದ.

ಹಾಗೆಂದು ಗೆಳೆಯರ ಬಳಗವೇ ಪರಿಹಾರ ಎಂದು ನಾನು ಹೇಳಲಾರೆ. ಒಳಗಿದ್ದವರಿಗೆ ಅದು ಕೂಡಾಟ, ಹೊರಗೆ ನಿಂತವರಿಗೆ ಗೋಡೆ. ಬಳಗದಲ್ಲಿ ಯಾರ ಪರಿಚಯವೂ ಇಲ್ಲದ ಶಿರೂರಿನ ಹುಡುಗಿಯೊಬ್ಬಳು ಸಹಾಯಕ ನಿರ್ದೇಶಕಿ ಆಗಬೇಕೆಂದರೆ ಯಾರ ಬಾಗಿಲು ತಟ್ಟಬೇಕು? ಅರ್ಜಿ ಫಾರಂ ಇಲ್ಲ, ಪರೀಕ್ಷೆ ಇಲ್ಲ, ನೇಮಕಾತಿ ಪತ್ರವೂ ಅನೇಕ ಸಲ ಇಲ್ಲ. ನಂಬಿಕೆಯ ಮೇಲೆ ನಡೆಯುವ ಕೆಲಸದಲ್ಲಿ ಯಾರನ್ನು ನಂಬಬೇಕು ಎಂಬುದೂ ಕೊನೆಗೆ ಒಬ್ಬರ ಮನಸ್ಸಿಗೇ ಬಿಟ್ಟದ್ದು. ಪುನಃ ಮ್ಯಾಟ್‌ನ ಮೂಡ್‌ಗೇ ಬಂದು ನಿಂತೆವಲ್ಲ!

ಈ ಮಾತು ಈಗ ಯಾಕೆಂದರೆ ಸರ್ಕಾರ ಈ ಕ್ಷೇತ್ರದಲ್ಲಿ ಉದ್ಯೋಗದ ಭರವಸೆ ಕೊಡುತ್ತಿದೆ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್‌ಗೆಂದೇ ರಾಜ್ಯದಲ್ಲಿ 2024-29ರ ನೀತಿ ಇದೆ. 2025ರ ಮಾರ್ಚ್‌ನ ಬಜೆಟ್‌ನಲ್ಲಿ ಮೈಸೂರಿನ 150 ಎಕರೆಯಲ್ಲಿ 500 ಕೋಟಿ ರೂಪಾಯಿಯ ಚಿತ್ರನಗರಿ, ಸಿನಿಮಾಕ್ಕೆ ಉದ್ಯಮದ ಸ್ಥಾನಮಾನ ಎಂದೆಲ್ಲ ಘೋಷಣೆ ಆಯಿತು. ಅದಕ್ಕೂ ಮೊದಲು, 2024ರ ಜುಲೈನಲ್ಲಿ, ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕಿ ಸಿನಿಮಾ ಕಾರ್ಮಿಕರ ಕ್ಷೇಮನಿಧಿಗೆ ಕೊಡುವ ಮಸೂದೆ ವಿಧಾನಮಂಡಲದಲ್ಲಿ ಪಾಸಾಗಿತ್ತು. ಇದೆಲ್ಲ ಬೇಕಾದದ್ದೇ. ಆದರೆ ಎಕರೆ, ಕೋಟಿಗಳ ಲೆಕ್ಕದಲ್ಲಿ ಒಂದು ವಿಷಯ ಬಿಟ್ಟುಹೋಗುತ್ತದೆ: ಆ ಕಟ್ಟಡದೊಳಗೆ ಕಂಪ್ಯೂಟರ್ ಮುಂದೆ ಕೂರುವ ಇಪ್ಪತ್ತೆರಡರ ಹುಡುಗ ಹುಡುಗಿಯರನ್ನು ಯಾವ ಆಧಾರದ ಮೇಲೆ ತೆಗೆದುಕೊಳ್ಳುತ್ತಾರೆ, ಮಾಡಿದ ಶಾಟ್‌ಗೆ ಅವರ ಹೆಸರು ಬರುತ್ತದೆಯೋ ಇಲ್ಲವೋ, ಬಡ್ತಿ ಯಾರಿಗೆ? ಉದ್ಯಮದ ಸ್ಥಾನಮಾನ ಎಂದರೆ ಇದಕ್ಕೂ ನಿಯಮ ಬರಬೇಕಲ್ಲವೇ?

ನಮ್ಮ ಸೀನಿಯರ್ ಅಕ್ಕ ಒಬ್ಬರು ಬೆಂಗಳೂರಿನ ಸಂದರ್ಶನವೊಂದಕ್ಕೆ ಹೋಗಿದ್ದರು. ಕೊನೆಯಲ್ಲಿ ‘ನಿಮಗೇನಾದರೂ ಕೇಳಲಿಕ್ಕೆ ಇದೆಯಾ?’ ಎಂದರಂತೆ. ಸಾಮಾನ್ಯವಾಗಿ ನಾವು ‘ನೋ ಸರ್, ಥ್ಯಾಂಕ್ಯೂ’ ಎಂದು ಎದ್ದು ಬರುತ್ತೇವೆ. ಇವರು, ‘ನನ್ನ ಕೆಲಸವನ್ನು ಅಳೆಯುವವರು ಯಾರು, ಯಾವುದರ ಮೇಲೆ ಅಳೆಯುತ್ತಾರೆ?’ ಎಂದು ಕೇಳಿದರು. ಎದುರಿಗಿದ್ದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಆಮೇಲೆ ಮೂವರೂ ಮೂರು ಉತ್ತರ ಕೊಟ್ಟರಂತೆ. ಆಫರ್ ಲೆಟರ್ ಏನೋ ಬಂದಿದೆ. ಅಕ್ಕ ಇನ್ನೂ ಯೋಚನೆ ಮಾಡುತ್ತಿದ್ದಾರೆ.