ಅಂಟುವ ತುದಿ, ಮೊಂಡು ತುದಿ

ನಮ್ಮ ಶಾಲೆಯಿಂದ ತೇರ್ಗಡೆಹೊಂದಿ ಪಿ.ಯು. ತರಗತಿಗಳಲ್ಲಿ ಜೀವಶಾಸ್ತ್ರವನ್ನು ವ್ಯಾಸಂಗಮಾಡುತ್ತಿರುವ ಬಾಲಿಕೆಯರನ್ನು ಡಿ.ಎನ್.ಎ.ಯನ್ನು ಕತ್ತರಿಸುವ ರಿಸ್ಟ್ರಿಕ್ಷನ್ ಕಿಣ್ವಗಳ ವಿಷಯವಾಗಿ ಪ್ರಶ್ನಿಸಿದರೆ, ಅವು ಅಂಟುವ ತುದಿಗಳನ್ನೂ ಮೊಂಡು ತುದಿಗಳನ್ನೂ ಉಂಟುಮಾಡುವುವೆಂದು ತಡವರಿಸದೆ ಒಪ್ಪಿಸುವರು. ಆ ತುದಿ ಅಂಟುವುದೇಕೆಂದು ಕೇಳಿದರೆ ಮಾತ್ರ ಅನೇಕರು ಮೌನವನ್ನು ತಾಳುವರು. ಅಂಕಗಳಿಗೆ ಅಷ್ಟು ಸಾಲದೇ ಎಂದು ಪೋಷಕರಲ್ಲಿ ಕೆಲವರು ಕೇಳಬಹುದು. ಸಾಲದೆಂಬುದೇ ನಮ್ಮ ಅಭಿಪ್ರಾಯ.

ಸಂಗತಿಯು ಕಠಿನವಾದುದಲ್ಲ. ಡಿ.ಎನ್.ಎ. ಎಂಬುದು ಎರಡೆಳೆಯ ದಾರ. ಅದರಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಎ ಎದುರಿಗೆ ಟಿ, ಜಿ ಎದುರಿಗೆ ಸಿ ನಿಲ್ಲತಕ್ಕದ್ದು. ಬ್ಯಾಕ್ಟೀರಿಯಗಳು ತಮ್ಮ ಮೇಲೆ ಬೀಳುವ ವೈರಸ್ಸುಗಳ ಡಿ.ಎನ್.ಎ.ಯನ್ನು ತುಂಡರಿಸಿ ಆತ್ಮರಕ್ಷಣೆ ಮಾಡಿಕೊಳ್ಳಲು ಈ ಕಿಣ್ವಗಳನ್ನು ಇಟ್ಟುಕೊಂಡಿವೆ. ಇಕೋ-ಆರ್-೧ ಎಂಬುದು ‘ಜಿಎಎಟಿಟಿಸಿ’ ಎಂಬ ಆರಕ್ಷರದ ಸ್ಥಳವನ್ನು ಗುರುತಿಸುತ್ತದೆ. ಎರಡೆಳೆಗಳನ್ನೂ ಅವುಗಳ ಎದುರುಬದುರು ದಿಕ್ಕಿನಲ್ಲಿ ಓದಿದರೆ ಇದೇ ಪದ ದೊರೆಯುವುದು. ಪ್ರತಿಯೊಂದು ಎಳೆಯಲ್ಲಿಯೂ ಜಿ ಮತ್ತು ಎ ಇವುಗಳ ನಡುವೆ ಕಿಣ್ವವು ಕತ್ತರಿಸುವುದರಿಂದ ಕತ್ತರಿಕೆಯು ನೇರವಾಗಿರದೆ ಮೆಟ್ಟಿಲಿನಂತಾಗಿ, ‘ಎಎಟಿಟಿ’ ಎಂಬ ನಾಲ್ಕಕ್ಷರ ಒಂಟಿಯೆಳೆಯಾಗಿ ಹೊರಚಾಚುತ್ತದೆ. ಹೀಗೆ ಚಾಚುವುದು ಎಳೆಯ ೫ ಪ್ರೈಮ್ ಕೊನೆ. ಪಿಎಸ್‌ಟಿ-೧ ಕತ್ತರಿಸಿದಲ್ಲಿ ಚಾಚುವುದು ೩ ಪ್ರೈಮ್ ಕೊನೆ. ಎಸ್‌ಎಂಎ-೧ ಎಂಬುದಾದರೋ ‘ಸಿಸಿಸಿಜಿಜಿಜಿ’ ಎಂಬುದನ್ನು ಸರಿಯಾಗಿ ನಡುವೆ ಕತ್ತರಿಸುವುದು, ಏನೂ ಚಾಚದು, ಇದೇ ಮೊಂಡು ತುದಿ.

ಅಂಟುವ ತುದಿಯಲ್ಲಿ ಅಂಟೆಂಬುದೇ ಇಲ್ಲ. ಚಾಚಿದ ಅಕ್ಷರಗಳು ತಮ್ಮ ಜೊತೆಯ ಅಕ್ಷರಗಳನ್ನು ಹಿಡಿಯುವುವು, ಅಷ್ಟೆ. ಅದು ಹೊಲಿಗೆಯ ತರಗತಿಯಲ್ಲಿ ನಾವು ಕಲಿಸುವ ಕಚ್ಚಾ ಹೊಲಿಗೆಯಂತೆ ಸಡಿಲವಾದುದು. ಗಟ್ಟಿ ಹೊಲಿಗೆಯನ್ನು ಹಾಕುವುದು ಲೈಗೇಸ್ ಎಂಬ ಬೇರೊಂದು ಕಿಣ್ವ. ಮೊಂಡು ತುದಿಗೆ ಕಚ್ಚಾ ಹೊಲಿಗೆಯ ಸಹಾಯವಿಲ್ಲದುದರಿಂದ ಜೋಡಣೆ ಪ್ರಯಾಸಕರ. ಆದರೂ ಅದನ್ನು ಕೀಳೆಂದೆಣಿಸಲಾಗದು: ಅಂಟುವ ತುದಿಯು ತನಗೆ ಹೊಂದುವ ತುದಿಯನ್ನೇ ಕೂಡಬೇಕು, ಮೊಂಡು ತುದಿಯು ಯಾವ ಮೊಂಡು ತುದಿಯನ್ನಾದರೂ ಕೂಡಬಲ್ಲದು. ಇನ್ನೊಂದು ವಿಶೇಷವುಂಟು. ಬ್ಯಾಮ್-ಎಚ್-೧ ಮತ್ತು ಬಿಜಿಎಲ್-೨ ಬೇರೆಬೇರೆ ಪದಗಳನ್ನು ಗುರುತಿಸಿದರೂ ಎರಡೂ ‘ಜಿಎಟಿಸಿ’ ಎಂಬ ತುದಿಯನ್ನೇ ಬಿಡುವುವು. ಆದಕಾರಣ ಒಂದರ ತುಂಡು ಇನ್ನೊಂದರ ತುಂಡಿಗೆ ಕೂಡುವುದು. ಕೂಡಿದ ಮೇಲೆ ಆ ಸ್ಥಳವನ್ನು ಎರಡರಲ್ಲಿ ಯಾವುದೂ ಮತ್ತೆ ಕತ್ತರಿಸಲಾರದು. ತತ್ತ್ವವನ್ನರಿತ ಬಾಲಿಕೆ ಇದನ್ನು ಕಾಗದದ ಮೇಲೆ ತಾನೇ ಕಂಡುಕೊಳ್ಳುವಳು. ಬಾಯಿಪಾಠ ಮಾಡಿದವಳಿಗೆ ಇದು ಮತ್ತೊಂದು ಬಾಯಿಪಾಠ.

ತುದಿಯ ಆಕಾರವನ್ನು ವಿಚಾರಿಸಿದ್ದರಿಂದ ಲೋಕಕ್ಕೆ ಲಾಭವಾಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಿ.ಎನ್.ಎ. ತುಂಡುಗಳನ್ನು ಕೂಡಿಸಲು ತುದಿಗಳಿಗೆ ಕೃತಕವಾಗಿ ಅಕ್ಷರಗಳ ಬಾಲವನ್ನು ಸೇರಿಸುತ್ತಿದ್ದರು. ೧೯೭೨ರಲ್ಲಿ ಅಲ್ಲಿನ ಸಂಶೋಧನ ವಿದ್ಯಾರ್ಥಿನಿ ಜ್ಯಾನೆಟ್ ಮರ್ಟ್ಜ್ ಎಂಬಾಕೆಯು ರೊನಾಲ್ಡ್ ಡೇವಿಸರೊಡನೆ, ಇಕೋ-ಆರ್-೧ ಕತ್ತರಿಸಿದ ತುದಿಗಳು ತಾವಾಗಿಯೇ ಪರಸ್ಪರ ಕೂಡಬಲ್ಲವೆಂದು ತೋರಿಸಿದಳು. ೧೯೭೩ರಲ್ಲಿ ಕೊಹೆನ್ ಮತ್ತು ಬೋಯರ್ ಇವರೂ ಸಂಗಡಿಗರೂ ಈ ಕಿಣ್ವದಿಂದಲೇ ತುಂಡುಗಳನ್ನು ಕೂಡಿಸಿ ಬ್ಯಾಕ್ಟೀರಿಯದೊಳಗೆ ಬೆಳೆಸಿದರು. ಇದೇ ಮಾರ್ಗವು ಮುಂದುವರಿದು, ಬ್ಯಾಕ್ಟೀರಿಯಗಳಲ್ಲಿ ತಯಾರಾದ ಮಾನವ ಇನ್ಸುಲಿನ್ನಿಗೆ ೧೯೮೨ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ನಮ್ಮ ಎಷ್ಟೋ ಮನೆಗಳಲ್ಲಿ ಮಧುಮೇಹಿಗಳು ಇಂದು ಅದರಿಂದ ಉಪಕೃತರಾಗಿದ್ದಾರೆ.

ಹೀಗಿರಲು, ಹೆಣ್ಣುಮಗುವಿಗೆ ವಿಜ್ಞಾನವು ಪರೀಕ್ಷೆಯ ಮಟ್ಟಿಗೆ ಸಾಕೆಂಬ ಮಾತನ್ನು ನಾವು ಒಪ್ಪಲಾರೆವು. ಈ ಪಾಠಕ್ಕೆ ಹೆಚ್ಚಿನ ಉಪಕರಣ ಬೇಕಿಲ್ಲ: ಎರಡು ಕಾಗದದ ಪಟ್ಟಿ, ನಾಲ್ಕು ಬಣ್ಣದ ಪೆನ್ಸಿಲು, ಒಂದು ಕತ್ತರಿ. ಉಪಾಧ್ಯಾಯಿನಿಯರು ಚಿತ್ರವನ್ನು ನಕಲುಮಾಡಿಸುವ ಬದಲು ಕತ್ತರಿಸಿ ಜೋಡಿಸುವಂತೆ ಮಾಡಲಿ. ಪೋಷಕರು ಎಷ್ಟು ಅಂಕ ಬಂತೆಂದು ಕೇಳುವುದಕ್ಕೆ ಮುಂಚೆ, ಕಲಿತುದನ್ನು ಮನೆಯ ಮಾತಿನಲ್ಲಿ ತಾಯಿಗೆ ತಿಳಿಯುವಂತೆ ಹೇಳೆಂದು ಮಗಳನ್ನು ಕೇಳಲಿ. ಪ್ರಯೋಗಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಂದು ಮಧ್ಯಾಹ್ನವನ್ನು ನಮ್ಮ ಮಕ್ಕಳಿಗಾಗಿ ಮೀಸಲಿಟ್ಟು, ತಮ್ಮ ಕೆಲಸವನ್ನು ಬಂದು ತಿಳಿಸಬೇಕೆಂದು ಕೋರುತ್ತೇವೆ. ಏಕೆ ಎಂದು ಕೇಳಲು ಕಲಿತ ಮಗುವನ್ನು ಹತ್ತನೆಯ ತರಗತಿಗೇ ನಿಲ್ಲಿಸದಿರಿ ಎಂಬುದು ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ.