ಕರಪತ್ರದಲ್ಲಿ ಇಲ್ಲದ ಹೆಸರು

2022ರ ಬೇಸಿಗೆಯಲ್ಲಿ ಕೆಲವು ದಿನಗಳ ಮಟ್ಟಿಗೆ ಮಂಡ್ಯ ಸಮೀಪದ ನನ್ನ ಹುಟ್ಟೂರು ಹೊಳಲಿಗೆ ಹೋಗಿದ್ದೆ. ಸಂಜೆಯಾಯಿತೆಂದರೆ ಅಣ್ಣನ ಮನೆಯ ನಡುಮನೆಯಲ್ಲಿ ನೆರೆಹೊರೆಯ ಹೆಂಗಸರೂ ಸೇರಿ ಏಳೆಂಟು ಮಂದಿ ಟಿ.ವಿ. ಮುಂದೆ ಕುಳಿತುಬಿಡುತ್ತಿದ್ದರು. ಜೀ ಕನ್ನಡ ವಾಹಿನಿಯಲ್ಲಿ 2021ರ ಡಿಸೆಂಬರ್‌ನಲ್ಲಿ ಆರಂಭವಾಗಿದ್ದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಹೊತ್ತು ಅದು. ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನ ಪಾತ್ರದಲ್ಲಿ ಉಮಾಶ್ರೀ. ಆಕೆ ಅತ್ತರೆ ನಡುಮನೆಯೇ ಕಣ್ಣೊರೆಸಿಕೊಳ್ಳುತ್ತಿತ್ತು. ಎಂಬತ್ತು ದಾಟಿದ ನನ್ನ ಸೋದರತ್ತೆ ಪರದೆಯನ್ನೇ ದಿಟ್ಟಿಸಿ ನೋಡುತ್ತಿದ್ದವರು, ‘ಅಲ್ಲ ಕನಪ್ಪ, ಇವ್ಳು ಅವ್ಳೇ ಅಲ್ವಾ? ಆಗ ಸಿನ್ಮಾದಲ್ಲಿ ಪೋಲಿ ಮಾತಾಡೋಳು. ಈಗ ನೋಡು, ನಮ್ಮನೆ ಹೆಂಗ್ಸಂಗೇ ಆಗವ್ಳೆ’ ಎಂದರು.

ಅತ್ತೆಯ ಮಾತಿನಲ್ಲಿ ಮೆಚ್ಚುಗೆಯಿತ್ತು. ಆದರೆ ಅದು ನನ್ನನ್ನು ಬಹಳ ದಿನ ಕಾಡಿತು. ಬದಲಾದದ್ದು ಯಾರು? ಆ ನಟಿಯೋ, ನಾವೋ?

ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ 1957ರಲ್ಲಿ ಜನಿಸಿದ ಉಮಾಶ್ರೀ ಅವರ ವೃತ್ತಿಜೀವನವನ್ನು ಒಟ್ಟಾಗಿ ನೋಡಿದರೆ ನಮ್ಮ ಸಮಾಜ ನಟಿಯರನ್ನು ಅಳೆಯುವ ಕೋಲು ಎಷ್ಟು ವಕ್ರವಾದದ್ದು ಎಂಬುದು ತಿಳಿಯುತ್ತದೆ. ಬಡತನದಿಂದ ಬಂದವರು, ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಬೇಕಾಗಿ ಬಂದವರು. ಅವರಿಗೆ ರಂಗಭೂಮಿ ಬಿಡುವಿನ ವೇಳೆಯ ಹವ್ಯಾಸವಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ.ಕೃಷ್ಣಸ್ವಾಮಿ ರಂಗಕ್ಕೆ ತಂದಾಗ, ಕಳೆದುಹೋದ ಹುಂಜಕ್ಕಾಗಿ ಹುಡುಕಾಡುವ ಮುದುಕಿ ಸಾಕವ್ವನಾದವರು ಇನ್ನೂ ಯುವತಿಯಾಗಿದ್ದ ಉಮಾಶ್ರೀ. ಆ ನಾಟಕ ಕಂಡವರು ಇಂದಿಗೂ ಸಾಕವ್ವನನ್ನು ಮರೆತಿಲ್ಲ.

ಆದರೆ ನಾಡಿನ ಬಹುಸಂಖ್ಯಾತ ಪ್ರೇಕ್ಷಕರು ಅವರನ್ನು ಗುರುತಿಸಿದ್ದು ಸಾಕವ್ವನ ಮೂಲಕವಲ್ಲ. 1984ರಲ್ಲಿ ತೆರೆಕಂಡ ಕಾಶಿನಾಥ್ ಅವರ ‘ಅನುಭವ’ ಚಿತ್ರದ ನಂತರ ಅವರಿಗೆ ಒಂದರ ಹಿಂದೊಂದರಂತೆ ಹಾಸ್ಯಪಾತ್ರಗಳು ಬಂದವು. ಎನ್.ಎಸ್.ರಾವ್ ಅವರೊಂದಿಗಿನ ಜೋಡಿ ಮನೆಮಾತಾಯಿತು. ಆ ಪಾತ್ರಗಳಲ್ಲಿ ಹಲವಕ್ಕೆ ದ್ವಂದ್ವಾರ್ಥದ ಮಾತುಗಳೇ ಬಂಡವಾಳ. ಆ ಮಾತುಗಳನ್ನು ಬರೆದವರು ಪುರುಷರು. ಚಿತ್ರಿಸಿದವರು, ಹಣ ಹೂಡಿದವರು, ಟಾಕೀಸಿನಲ್ಲಿ ಸಿಳ್ಳೆ ಹಾಕಿದವರೂ ಬಹುಮಟ್ಟಿಗೆ ಪುರುಷರೇ. ಆದರೆ ಕೆಟ್ಟ ಹೆಸರಿನ ಪಾಲು ಮಾತ್ರ ಆ ಮಾತನ್ನಾಡಿದ ಹೆಣ್ಣಿಗೆ ಸಂದಿತು. ನಾನೇನು ಇದಕ್ಕೆ ಹೊರತಾಗಿರಲಿಲ್ಲ. ಕಾಲೇಜಿನ ದಿನಗಳಿಂದ ಸಮಾನಾಂತರ ಸಿನಿಮಾ, ಹೊಸ ಅಲೆ ಎಂದು ಮಾತನಾಡುತ್ತಿದ್ದ ನಾನು, ಮಂಡ್ಯದ ಟಾಕೀಸಿನ ಕತ್ತಲೆಯಲ್ಲಿ ಅದೇ ಮಾತುಗಳಿಗೆ ಬಿದ್ದು ಬಿದ್ದು ನಕ್ಕು, ಹೊರಗೆ ಬಂದು ‘ಛೆ, ಎಂಥ ಕೀಳು ಅಭಿರುಚಿ’ ಎಂದವನೇ.

ಆ ನಗೆಯ ನಡುವೆಯೇ ನಟಿ ತನ್ನ ಕೆಲಸವನ್ನು ಮಾಡುತ್ತಲೇ ಇದ್ದರು. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಕೊಟ್ರೇಶಿ ಕನಸು’ ಚಿತ್ರದಲ್ಲಿ ದಲಿತ ಬಾಲಕನ ತಾಯಿಯಾದರು. 1995ರ ‘ಪುಟ್ನಂಜ’ದಲ್ಲಿ ನಾಯಕನ ಅಜ್ಜಿ ಪುಟ್ಮಲ್ಲಿಯಾದರು. ಆಗ ಅವರ ವಯಸ್ಸು 38. ಮೊಮ್ಮಗನಾಗಿ ನಟಿಸಿದ ರವಿಚಂದ್ರನ್ ಅವರಿಗಿಂತ ಹಿರಿಯರಾಗಿದ್ದುದು ನಾಲ್ಕೇ ವರ್ಷ! ಮೂವತ್ತು ದಾಟಿದ ನಟಿಗೆ ತಾಯಿಯ ಪಾತ್ರವನ್ನೂ ನಲವತ್ತರ ಹೊಸ್ತಿಲಲ್ಲಿ ಅಜ್ಜಿಯ ಪಾತ್ರವನ್ನೂ ಕೊಡುವ ಉದ್ಯಮದಲ್ಲಿ, ಸಿಕ್ಕ ಪಾತ್ರದೊಳಗೇ ಒಂದು ಜೀವವನ್ನು ಹುಡುಕುವುದು ಸಣ್ಣ ಸಾಧನೆಯಲ್ಲ.

ಗಿರೀಶ ಕಾಸರವಳ್ಳಿ ಅವರು ವೈದೇಹಿಯವರ ಕತೆಯನ್ನಾಧರಿಸಿ ‘ಗುಲಾಬಿ ಟಾಕೀಸ್’ ನಿರ್ದೇಶಿಸಿದಾಗ ಈ ಶಕ್ತಿ ಪೂರ್ಣವಾಗಿ ಕಾಣಿಸಿತು. ಕರಾವಳಿಯ ಮೀನುಗಾರರ ನೆರೆಯಲ್ಲಿ ಬದುಕುವ, ಗಂಡ ಕಡೆಗಣಿಸಿದ ಸೂಲಗಿತ್ತಿ ಗುಲಾಬಿಗೆ ಸಿನಿಮಾದ ಹುಚ್ಚು. ಹೆರಿಗೆಯೊಂದನ್ನು ಮಾಡಿಸಿದ್ದಕ್ಕೆ ಪ್ರತಿಫಲವಾಗಿ ಆಕೆಗೆ ಟಿ.ವಿ. ದೊರೆಯುತ್ತದೆ; ಊರಿನ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಗೆ ಬರತೊಡಗುತ್ತಾರೆ. ಕಾರ್ಗಿಲ್ ಯುದ್ಧದ ಕಾಲದ ಕೋಮು ಉದ್ವೇಗ ಹರಡಿದಾಗ ಅದೇ ಊರು ಅವಳನ್ನು ಹೊರಗಟ್ಟುತ್ತದೆ. ಮನರಂಜನೆ ಕೊಡುವ ತನಕ ಬೇಕು, ಆಮೇಲೆ ಬೇಡ ಎಂಬ ಸಮಾಜದ ನಡವಳಿಕೆಯನ್ನು ಆ ಚಿತ್ರ ಹೇಳುತ್ತದೆ. ಆ ಪಾತ್ರಕ್ಕೆ ಉಮಾಶ್ರೀ ಅವರಿಗೆ ರಾಜ್ಯದ ಉತ್ತಮ ನಟಿ ಪ್ರಶಸ್ತಿ ಬಂದಿತು. ನಂತರ ತೇರದಾಳ ಕ್ಷೇತ್ರದಿಂದ 2008ರಲ್ಲಿ ಸೋತು, 2013ರಲ್ಲಿ ಗೆದ್ದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಸಚಿವೆಯಾದರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಈ ನಡುವೆ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕಕ್ಕೂ ಬಣ್ಣ ಹಚ್ಚಿದರು.

ಇಷ್ಟೆಲ್ಲ ಆದ ಮೇಲೆ ನಮ್ಮ ಅತ್ತೆಯ ನಡುಮನೆಯಲ್ಲಿ ಅವರಿಗೆ ‘ನಮ್ಮನೆ ಹೆಂಗಸು’ ಎಂಬ ಸ್ಥಾನ ಸಿಕ್ಕಿತು. ಪ್ರಶಸ್ತಿ, ಅಧಿಕಾರ, ತಾಯ್ತನದ ಪಾತ್ರ ಈ ಮೂರೂ ಸೇರಿದಾಗ ಮಾತ್ರ ದೊರೆಯುವ ಮರ್ಯಾದೆ, ಅವು ಯಾವುವೂ ಇಲ್ಲದ ನೂರಾರು ನಟಿಯರಿಗೆ ಎಲ್ಲಿಂದ ದೊರೆಯಬೇಕು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಮಂಡ್ಯ ಸೀಮೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂಬುದನ್ನು ಬಲ್ಲವರೇ ಬಲ್ಲರು. ಸುಗ್ಗಿ ಮುಗಿದರೆ ‘ಕುರುಕ್ಷೇತ್ರ’. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಪಾತ್ರಕ್ಕೆ ಇಷ್ಟೆಂದು ಹಣ. ದುರ್ಯೋಧನ, ಭೀಮರ ಪಾತ್ರಗಳಿಗೆ ಹೆಚ್ಚು ದರ. ಸ್ತ್ರೀಪಾತ್ರಗಳಿಗೆ ಮಾತ್ರ ಹೊರಗಿನಿಂದ ವೃತ್ತಿ ನಟಿಯರನ್ನು ಕರೆಸುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ಮೇಲೆ ನನಗೆ ಇದೊಂದು ವಿಚಿತ್ರ ಮಾರುಕಟ್ಟೆಯಾಗಿ ಕಂಡಿದೆ: ಗಂಡಸು ಹಣ ಕೊಟ್ಟು ರಾಜನಾಗುತ್ತಾನೆ, ಹೆಂಗಸು ಹಣ ಪಡೆದು ರಾಣಿಯಾಗುತ್ತಾಳೆ. ಇಡೀ ರಂಗದ ಮೇಲೆ ಕಸುಬು ಬಲ್ಲವಳು ಆಕೆಯೊಬ್ಬಳೇ. ಮಾತು ಮರೆತ ಅರ್ಜುನನಿಗೆ ಮೆಲ್ಲಗೆ ಎತ್ತಿಕೊಡುವವಳೂ ಆಕೆಯೇ. ಆದರೆ ಊರ ಬಾಯಲ್ಲಿ ಅವನು ‘ಕಲಾಭಿಮಾನಿ’, ಅವಳು ‘ನಾಟಕದವಳು’.

ನಾನು ಏಳನೆಯ ತರಗತಿಯಲ್ಲಿದ್ದಾಗ ನನ್ನ ತಂದೆ ಭತ್ತ ಮಾರಿದ ಹಣ ಕಟ್ಟಿ ಶಕುನಿಯ ಪಾತ್ರ ಮಾಡಿದರು. ದ್ರೌಪದಿಯ ಪಾತ್ರಕ್ಕೆ ಬಂದಾಕೆಯ ಹಾಡಿಗೆ ರಾತ್ರಿಯಿಡೀ ‘ಒನ್ಸ್ ಮೋರ್’. ಬೆಳಕು ಹರಿದಾಗ ಹಾರ ಹಾಕಿದ್ದವರೆಲ್ಲ ಮನೆ ಸೇರಿದ್ದರು; ಆಕೆ ಟ್ರಂಕಿನ ಮೇಲೆ ಕುಳಿತು ಮೊದಲ ಬಸ್ಸಿಗೆ ಕಾಯುತ್ತಿದ್ದಳು. ನಮ್ಮವ್ವ ಕರೆತಂದು ಬಿಸಿನೀರು ಕೊಟ್ಟಳು. ಅಜ್ಜಿ ಆಕೆಯನ್ನು ಒಳಗೆ ಬಿಡಲಿಲ್ಲ. ಜಗಲಿಯಲ್ಲೇ ರೊಟ್ಟಿ ತಿಂದ ಆಕೆ, ‘ಬಿಡಿ ಅವ್ವ, ನಮಗೆ ರೂಢಿ’ ಎಂದಳು. ಅಷ್ಟರಲ್ಲಿ ಸಮಿತಿಯವರು ಬಾಕಿ ಹಣ ತಂದರು. ಒಂದು ಹಾಡು ಬಿಟ್ಟಳೆಂದು ಹತ್ತು ರೂಪಾಯಿ ಮುರಿದುಕೊಂಡಿದ್ದರು. ಜೂಜಿನ ದೃಶ್ಯದ ಅರ್ಧ ಮಾತನ್ನೇ ಮರೆತಿದ್ದ ನನ್ನ ತಂದೆಯೂ ಆ ಸಮಿತಿಯಲ್ಲಿದ್ದರು. ಅವರು ಏನೂ ಹೇಳಲಿಲ್ಲ.

ತಂದೆಯನ್ನು ದೂಷಿಸುವ ಹಕ್ಕು ನನಗಿಲ್ಲ. ಸೇವೆಯಲ್ಲಿದ್ದಾಗ, ಜಿಲ್ಲೆಯೊಂದರಲ್ಲಿ, ಸಂಕಷ್ಟದಲ್ಲಿರುವ ಕಲಾವಿದರ ಮಾಸಾಶನದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವಯಸ್ಸಾದ ರಂಗನಟಿಯೊಬ್ಬರು ಬಂದರು. ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಕೇಳಿದೆ. ಮಾಸಿದ ಹಲವು ಕರಪತ್ರಗಳನ್ನು ಮುಂದಿಟ್ಟರು. ಪಾತ್ರಧಾರಿ ಗಂಡಸರ ಹೆಸರು, ತಂದೆಯ ಹೆಸರು, ಭಾವಚಿತ್ರ ಎಲ್ಲವೂ ಅವುಗಳಲ್ಲಿದ್ದವು. ಕೊನೆಯ ಸಾಲಿನಲ್ಲಿ, ‘ಸ್ತ್ರೀಪಾತ್ರಗಳು: ಪ್ರಸಿದ್ಧ ನಟಿಯರಿಂದ’ ಎಂದಷ್ಟೇ ಇತ್ತು. ‘ಇದರಲ್ಲಿ ನಿಮ್ಮ ಹೆಸರೆಲ್ಲಿದೆ?’ ಎಂದು ಕೇಳಿದೆ. ಆಕೆ ಆ ಸಾಲಿನ ಮೇಲೆ ಬೆರಳಿಟ್ಟು, ‘ಇದೇ ನಾನು ಸ್ವಾಮಿ’ ಎಂದರು. ‘ದಾಖಲೆಗಳು ಸಮರ್ಪಕವಾಗಿಲ್ಲ’ ಎಂದು ಷರಾ ಬರೆದು ಸಹಿ ಮಾಡಿದೆ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಮರುವರ್ಷದ ಅರ್ಜಿಗಳಲ್ಲಿ ಆಕೆಯ ಹೆಸರಿರಲಿಲ್ಲ. ವಿಚಾರಿಸುವ ಗೋಜಿಗೆ ನಾನೂ ಹೋಗಲಿಲ್ಲ.

ನಮ್ಮ ಮಂಡ್ಯದ ಮತದಾರರು 2013ರ ಉಪಚುನಾವಣೆಯಲ್ಲಿ ರಮ್ಯಾ ಅವರನ್ನೂ 2019ರಲ್ಲಿ ಸುಮಲತಾ ಅವರನ್ನೂ ಲೋಕಸಭೆಗೆ ಕಳುಹಿಸಿದವರು. ನಟಿಯರಿಗೆ ಇಲ್ಲಿ ಗೌರವವಿಲ್ಲ ಎನ್ನುವುದು ಹೇಗೆ ಎಂದು ಕೆಲವರು ಕೇಳಬಹುದು. ಆಕ್ಷೇಪಣೆಯಲ್ಲಿ ಅರ್ಥವಿದೆ. ಆದರೆ ತಾರೆಗೆ ಸಲ್ಲುವ ಅಭಿಮಾನವೇ ಬೇರೆ, ದುಡಿಮೆಗೆ ಸಲ್ಲಬೇಕಾದ ಮರ್ಯಾದೆಯೇ ಬೇರೆ. ಮೊದಲನೆಯದು ಬೆರಳೆಣಿಕೆಯ ಮಂದಿಗೆ. ಎರಡನೆಯದು ಧಾರಾವಾಹಿಯಲ್ಲಿ ದಿನದ ಲೆಕ್ಕದಲ್ಲಿ ನಟಿಸುವ ಪೋಷಕ ನಟಿಗೆ, ಹಳ್ಳಿಯಿಂದ ಹಳ್ಳಿಗೆ ಅಲೆಯುವ ದ್ರೌಪದಿಗೆ. ಧಾರಾವಾಹಿ ನಿಂತ ದಿನ ಅವರ ವರಮಾನವೂ ನಿಲ್ಲುತ್ತದೆ. ಸರ್ಕಾರಿ ನೌಕರನಾಗಿದ್ದ ನನಗೆ ತಿಂಗಳ ಮೊದಲ ವಾರ ತಪ್ಪದೆ ಬರುವ ಪಿಂಚಣಿ, ನನ್ನನ್ನು ನಗಿಸಿದ, ಅಳಿಸಿದ ಅವರಿಗೆ ಇಲ್ಲ.

ಚಿತ್ರರಂಗದ ಹಾಗೂ ಸಾಂಸ್ಕೃತಿಕ ಕ್ಷೇತ್ರದ ಕಾರ್ಮಿಕರ ಕ್ಷೇಮಾಭಿವೃದ್ಧಿಗಾಗಿ ನಮ್ಮ ರಾಜ್ಯದ ವಿಧಾನಮಂಡಲ 2024ರಲ್ಲಿ ಮಸೂದೆಯೊಂದನ್ನು ಅಂಗೀಕರಿಸಿತು. ಸಿನಿಮಾ ಟಿಕೆಟ್ ಮತ್ತು ಚಂದಾ ಹಣದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ವಿಧಿಸಿ ನಿಧಿ ಸ್ಥಾಪಿಸುವುದು ಅದರ ಆಶಯ. ಇದು ಸ್ವಾಗತಾರ್ಹ. ಅದೇ ವರ್ಷದ ಆಗಸ್ಟ್‌ನಲ್ಲಿ ಕೇರಳದಲ್ಲಿ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ ಬಹಿರಂಗವಾಗಿ, ಮಲಯಾಳ ಚಿತ್ರರಂಗದ ಮಹಿಳೆಯರು ಎದುರಿಸುವ ಲೈಂಗಿಕ ಕಿರುಕುಳದಿಂದ ಹಿಡಿದು ಶೌಚಾಲಯವಿಲ್ಲದ ಚಿತ್ರೀಕರಣ ಸ್ಥಳಗಳವರೆಗೆ ಎಲ್ಲವೂ ಚರ್ಚೆಗೆ ಬಂದವು. ಕನ್ನಡ ಚಿತ್ರರಂಗದಲ್ಲೂ ಅಂಥ ಸಮಿತಿ ಬೇಕೆಂಬ ಬೇಡಿಕೆ ಎದ್ದಿತು. ಸುರಕ್ಷತೆ, ಶೌಚಾಲಯ, ಲಿಖಿತ ಕರಾರು ಇವು ದಯೆಯಿಂದ ಕೊಡುವ ಸೌಲಭ್ಯಗಳಲ್ಲ. ಯಾವುದೇ ಕಾರ್ಖಾನೆಯ ಕಾರ್ಮಿಕರು ಹಕ್ಕಿನಿಂದ ಕೇಳುವಂಥವು.

ಕಾಯ್ದೆಯ ಪ್ರಯೋಜನ ಯಾರಿಗೆ ಎಂಬುದು ಕೊನೆಗೆ ನಿಂತಿರುವುದು ‘ದಾಖಲೆ’ ಎಂಬ ಒಂದು ಪದದ ಮೇಲೆ. ಮೂರೂವರೆ ದಶಕ ಕಡತಗಳ ನಡುವೆ ಬದುಕಿದ ಅನುಭವದಿಂದ ಹೇಳುತ್ತೇನೆ: ಹೆಸರಿಲ್ಲದವರಿಗೆ ಯಾವ ನಿಧಿಯೂ ತಲುಪುವುದಿಲ್ಲ. ಆದ್ದರಿಂದ ಅರ್ಜಿದಾರರೇ ದಾಖಲೆ ತರಲಿ ಎಂದು ಕಾಯದೆ, ಇಲಾಖೆಯೇ ಜಿಲ್ಲಾವಾರು ವೃತ್ತಿ ನಟಿಯರ ನೋಂದಣಿ ಮಾಡಬೇಕು. ನಾಟಕದ ಮೇಷ್ಟ್ರು, ಸಹನಟರು, ಗ್ರಾಮ ಪಂಚಾಯಿತಿ ಇವರ ದೃಢೀಕರಣವನ್ನು ಒಪ್ಪಬೇಕು. ನಾಟಕ, ಧಾರಾವಾಹಿ, ಸಿನಿಮಾ ಯಾವುದೇ ಇರಲಿ, ಸಂಭಾವನೆಗೆ ರಸೀದಿಯೊಂದು ಇರಬೇಕು. ಇದಕ್ಕೆ ದೊಡ್ಡ ಹಣ ಬೇಕಿಲ್ಲ; ನಾನು ಅಂದು ತೋರದ ಒಂದಿಷ್ಟು ಕಾಳಜಿ ಸಾಕು.

ಉಮಾಶ್ರೀ ಅವರ ಬದುಕಿನಿಂದ ನಾವು ಕಲಿಯಬೇಕಾದದ್ದು ‘ಕಷ್ಟಪಟ್ಟರೆ ಮೇಲೆ ಬರಬಹುದು’ ಎಂಬ ಸುಲಭದ ನೀತಿಯನ್ನಲ್ಲ. ಅವರಷ್ಟೇ ಕಷ್ಟಪಟ್ಟು ಮೇಲೆ ಬಾರದವರು ಎಷ್ಟೋ ಮಂದಿ. ದ್ವಂದ್ವಾರ್ಥದ ಮಾತನಾಡಿದಾಗಲೂ ಸಾಕವ್ವನಾದಾಗಲೂ ಆಕೆ ಅದೇ ಕಸುಬುದಾರೆ, ಅದೇ ತಾಯಿ. ಬದಲಾಗಬೇಕಾಗಿದ್ದುದು ನೋಡುವವರ ಕಣ್ಣು.

ಹೊಳಲಿನ ಹುಡುಗರು ಈಗಲೂ ನಾಟಕವಾಡುತ್ತಾರೆ. ಕರಪತ್ರಕ್ಕೆ ಸಹಾಯ ಕೇಳಿಕೊಂಡು ನನ್ನ ಬಳಿಗೂ ಬರುತ್ತಾರೆ. ಕಳೆದ ಬಾರಿ ಬಂದವರಿಗೆ ಹಣ ಕೊಟ್ಟು ಎರಡು ಷರತ್ತು ಹಾಕಿದೆ. ನಟಿಯರ ಊಟ, ವಸತಿ ಮತ್ತು ಪೂರ್ತಿ ಸಂಭಾವನೆ ಮೊದಲ ಗಂಟೆ ಹೊಡೆಯುವುದರೊಳಗೆ ಸಂದಾಯವಾಗಬೇಕು. ದುರ್ಯೋಧನನ ಹೆಸರು ಎಷ್ಟು ದಪ್ಪಕ್ಷರದಲ್ಲಿದೆಯೋ ದ್ರೌಪದಿಯ ಪಾತ್ರಧಾರಿಯ ಹೆಸರೂ ಅಷ್ಟೇ ದಪ್ಪಕ್ಷರದಲ್ಲಿರಬೇಕು. ಹುಡುಗರು ಮುಖಮುಖ ನೋಡಿಕೊಂಡರು. ಒಬ್ಬ ತಲೆ ಕೆರೆದುಕೊಳ್ಳುತ್ತಾ, ‘ಆಯ್ತು ಸಾರ್, ಆದ್ರೆ ಅವರ ಹೆಸರು ಕೇಳ್ಬೇಕು’ ಎಂದ. ‘ಕೇಳಿಕೊಂಡು ಬಾ’ ಎಂದೆ.