ಸದ್ದಿನ ಮೂಲ ಹುಡುಕದೆ ಬಿಡಿಭಾಗ ಬದಲಿಸುವ ರೂಢಿ

ಶಿರಾ ತಾಲ್ಲೂಕಿನ ಬರಗೂರು ಹಾಗೂ ಅದರ ಆಚೀಚಿನ ಮಧುಗಿರಿ, ಪಾವಗಡ, ಕೊರಟಗೆರೆ ಸೀಮೆಯಲ್ಲಿ ಕಡಲೆಕಾಯಿ, ಹುಣಸೆಹಣ್ಣು ಖರೀದಿಸುವ ವರ್ತಕರೂ ಪಂಪುಸೆಟ್ಟು ದುರಸ್ತಿಯ ಸಣ್ಣ ಉದ್ಯಮಿಗಳೂ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳನ್ನು ಇನ್ನೂ ಕೈಬಿಟ್ಟಿಲ್ಲ. ಮಹೀಂದ್ರದ ಎಂಎಂ 540, 1985ರಲ್ಲಿ ಬಂದ ಮಾರುತಿ ಜಿಪ್ಸಿ, 1998ರ ಟಾಟಾ ಸಫಾರಿ ಇವೆಲ್ಲ ಹೊಲದ ದಾರಿಗೂ ಹಳ್ಳದ ಮರಳಿಗೂ ಒಗ್ಗಿದವು. ಆದರೆ ವಯಸ್ಸಾದ ಗಾಡಿಯ ಮುಂಭಾಗದಿಂದ 'ಠಕ್ ಠಕ್' ಎಂಬ ಸದ್ದು ಆರಂಭವಾಯಿತೆಂದರೆ ಮಾಲೀಕರ ಜೇಬಿಗೆ ಕತ್ತರಿ ಬಿದ್ದಂತೆಯೇ. ಮೊದಲು ಶಾಕ್ ಅಬ್ಸಾರ್ಬರ್ ಬದಲಾಗುತ್ತದೆ, ಅನಂತರ ಟೈ ರಾಡ್ ಎಂಡ್, ಆಮೇಲೆ ಬೇರಿಂಗ್. ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಕೊನೆಗೊಂದು ದಿನ ಕೆಲವೇ ರೂಪಾಯಿಗಳ ಶ್ಯಾಕಲ್ ಬುಷ್ ಸವೆದಿದ್ದುದು ಕಣ್ಣಿಗೆ ಬೀಳುತ್ತದೆ.

ಇದಕ್ಕೆ ಮೆಕ್ಯಾನಿಕರನ್ನಷ್ಟೇ ದೂರುವುದು ನ್ಯಾಯವಲ್ಲ. ಹಾಕಿದ ಬಿಡಿಭಾಗಕ್ಕೆ ಹಣ ಕೊಡುವ ಮಾಲೀಕರು, ಅರ್ಧ ಗಂಟೆ ಗಾಡಿಯ ಕೆಳಗೆ ಮಲಗಿ ದೋಷ ಹುಡುಕಿದ ಶ್ರಮಕ್ಕೆ ಹಣ ಕೇಳಿದರೆ ಮುಖ ಸಿಂಡರಿಸುತ್ತಾರೆ. ಹುಡುಕಾಟಕ್ಕೆ ಬೆಲೆ ಇಲ್ಲದ ಕಡೆ ಊಹೆಯ ಮೇಲೆ ದುರಸ್ತಿ ನಡೆಯುವುದು ಸಹಜ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದು ಸ್ವಾಗತಾರ್ಹವೇ. ಆದರೆ ಬೇಡದ ಭಾಗವನ್ನು ಅಗ್ಗದಲ್ಲಿ ಕೊಂಡರೂ ಅದು ನಷ್ಟವೇ.

ವಾಸ್ತವವಾಗಿ ಈ ಸದ್ದಿನ ಮೂಲ ಹುಡುಕಲು ದುಬಾರಿ ಯಂತ್ರಗಳೇನೂ ಬೇಕಿಲ್ಲ. ಮೊದಲು ಬೇಕಾದದ್ದು ಚಾಲಕನೊಡನೆ ನಾಲ್ಕು ಮಾತು. ಸದ್ದು ಯಾವಾಗ ಬರುತ್ತದೆ? ಗುಂಡಿಗೆ ಇಳಿದಾಗಲೋ, ಬ್ರೇಕ್ ಒತ್ತಿದಾಗಲೋ, ಕ್ಲಚ್ ಬಿಟ್ಟು ಗಾಡಿ ಹೊರಟಾಗಲೋ? ಹೊಲದಿಂದ ಡಾಂಬರು ರಸ್ತೆಗೆ ಬಂದ ಮೇಲೂ ಫೋರ್ ವೀಲ್ ಲಿವರನ್ನು ಹಿಂದಕ್ಕೆ ತರಲು ಮರೆಯುವವರುಂಟು. ಈ ಬಗೆಯ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಎರಡೂ ಆಕ್ಸಲ್‌ಗಳು ಕ್ರಮಿಸುವ ದೂರ ಬೇರೆಯಾದ್ದರಿಂದ, ಒಣ ಡಾಂಬರಿನ ಮೇಲೆ ಚಾಲನಾ ವ್ಯವಸ್ಥೆ ಬಿಗಿದುಕೊಂಡು ಒಮ್ಮೆಲೇ ಸಡಿಲಿಸಿ ಸದ್ದು ಮಾಡುತ್ತದೆ. ಅಲ್ಲಿ ಬದಲಿಸಬೇಕಾದದ್ದು ಬಿಡಿಭಾಗವಲ್ಲ, ಅಭ್ಯಾಸ.

ಫ್ರೀ ವೀಲ್ ಹಬ್ ಇರುವ ಜೀಪಿನಲ್ಲಿ ಇನ್ನೊಂದು ಸುಲಭದ ಪರೀಕ್ಷೆಯುಂಟು. ಟೂ ವೀಲ್ ಡ್ರೈವ್‌ನಲ್ಲಿ ಹಬ್ ಬಿಡಿಸಿ ಒಂದು ಸುತ್ತು, ಹಬ್ ಸೇರಿಸಿ ಇನ್ನೊಂದು ಸುತ್ತು ಓಡಿಸಿ ನೋಡಬೇಕು. ಹಬ್ ಬಿಡಿಸಿದಾಗ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ತಿರುಗುವುದಿಲ್ಲ. ಸದ್ದು ಆಗ ಅಡಗಿ, ಸೇರಿಸಿದಾಗ ಮರಳಿದರೆ ಶಾಫ್ಟಿನ ಕ್ರಾಸ್ ಅಥವಾ ಆಕ್ಸಲ್‌ನ ಒಳಗಿನ ಜಾಯಿಂಟ್ ಕಡೆಗೆ ಸಂಶಯ ತಿರುಗಬೇಕು. ಎರಡೂ ಸಂದರ್ಭಗಳಲ್ಲಿ ಒಂದೇ ರೀತಿ ಇದ್ದರೆ ದೋಷ ಬಹುತೇಕ ಸ್ಪ್ರಿಂಗ್ ಇಲ್ಲವೇ ಸ್ಟೀರಿಂಗ್ ಭಾಗದ್ದು.

ಸ್ಟೀರಿಂಗ್ ಪರೀಕ್ಷೆಗೆ ಇಬ್ಬರು ಸಾಕು. ಒಬ್ಬನು ನಿಂತ ಗಾಡಿಯ ಸ್ಟೀರಿಂಗನ್ನು ಎಡಬಲಕ್ಕೆ ಸ್ವಲ್ಪವೇ ಅಲುಗಿಸುತ್ತಿರಲು, ಮತ್ತೊಬ್ಬನು ಕೆಳಗಿನಿಂದ ಡ್ರ್ಯಾಗ್ ಲಿಂಕ್, ಟೈ ರಾಡ್ ಎಂಡ್‌ಗಳ ಮೇಲೆ ಒಂದೊಂದಾಗಿ ಕೈಯಿಟ್ಟರೆ ಸಡಿಲವಾದುದು ಕೈಗೇ ತಿಳಿಯುತ್ತದೆ. ಬಳಿಕ ಗಾಡಿಯನ್ನು ಭದ್ರವಾಗಿ ಎತ್ತಿ ನಿಲ್ಲಿಸಿ ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲುಗಿಸಬೇಕು. ಆಡುವ ಚಕ್ರವು ಬ್ರೇಕ್ ಒತ್ತಿ ಹಿಡಿದಾಗ ಬಿಗಿಯಾದರೆ ಬೇರಿಂಗ್ ಸಡಿಲ. ಆಗಲೂ ಆಡಿದರೆ ಕಿಂಗ್ ಪಿನ್ ಸವೆದಿದೆ. ಬೇರಿಂಗ್ ಬಿಗಿ ಮಾಡಿದರೆ ಮುಗಿಯುವ ಕೆಲಸಕ್ಕೂ ಕಿಂಗ್ ಪಿನ್ ಬಿಚ್ಚುವ ಕೆಲಸಕ್ಕೂ ಖರ್ಚಿನಲ್ಲಿ ಅಜಗಜಾಂತರವಿದ್ದು, ಅದನ್ನು ತೀರ್ಮಾನಿಸುವುದು ಬ್ರೇಕ್ ಪೆಡಲಿನ ಮೇಲಿಟ್ಟ ಒಂದು ಕಾಲು! ಸಫಾರಿಯಂತಹ ಗಾಡಿಗಳಲ್ಲಿ ಬಾಲ್ ಜಾಯಿಂಟಿನ ಮೇಲಿನ ಭಾರ ಇಳಿಯುವಂತೆ ಜಾಕ್ ಇಡದಿದ್ದರೆ ಸವೆತ ಕಾಣುವುದೇ ಇಲ್ಲ.

ಲೀಫ್ ಸ್ಪ್ರಿಂಗ್‌ನ ಯು ಬೋಲ್ಟ್ ಸಡಿಲವಾಗಿದ್ದರೆ ಅಲ್ಲಿ ಲೋಹ ಉಜ್ಜಿ ಹೊಳೆಯುತ್ತಿರುತ್ತದೆ. ಅದನ್ನು ಉಪೇಕ್ಷಿಸಿದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಸರಿಯಬಹುದು. ಆಗ ಅದು ಹಣದ ಪ್ರಶ್ನೆಯಾಗಿ ಉಳಿಯದೆ, ಗಾಡಿಯಲ್ಲಿ ಕುಳಿತವರ ಪ್ರಾಣದ ಪ್ರಶ್ನೆಯಾಗುತ್ತದೆ. ಬುಷ್‌ಗಳ ಸವೆತ ತಿಳಿಯಲು ಸಲಾಕೆಯಿಂದ ಮೀಟಿ ನೋಡುವುದೊಂದೇ ಸಾಕು. ಸದ್ದಡಗಲೆಂದು ರಬ್ಬರ್ ಬುಷ್‌ಗೆ ಗ್ರೀಸ್ ಮೆತ್ತುವವರುಂಟು. ಗ್ರೀಸ್ ಬೇಕಾದದ್ದು ನಿಪ್ಪಲ್ ಇರುವ ಲೋಹದ ಬುಷ್‌ಗೆ. ರಬ್ಬರನ್ನು ಅದು ಉಬ್ಬಿಸಿ ಕೆಡಿಸುತ್ತದೆ.

ಇಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಗಳ ಹೊಣೆಯೂ ಇದೆ. ಅಳತೆ, ರಬ್ಬರಿನ ಗಡಸುತನ, ತಯಾರಿಕೆಯ ತಂಡದ ಸಂಖ್ಯೆ ಯಾವುದೂ ಇಲ್ಲದ ಬುಷ್‌ಗಳು ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಮೃದುವಾದದ್ದು ಬೇಗ ಜಜ್ಜಿಹೋಗುತ್ತದೆ, ಗಡಸಾದದ್ದು ಬಿರುಕು ಬಿಡುತ್ತದೆ. ಹೊಸ ಬುಷ್ ಹಾಕಿದ ಮೇಲೂ ಸದ್ದು ಮರಳಿದರೆ ಸರಿಯಾಗಿ ದೋಷ ಗುರುತಿಸಿದ ಮೆಕ್ಯಾನಿಕನೇ ಸುಳ್ಳನಾಗುತ್ತಾನೆ.

ಹದಿನೈದು ವರ್ಷ ಮೀರಿದ ಕಾರು, ಜೀಪುಗಳ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದವುಗಳಿಗೆ 10,000 ರೂಪಾಯಿ ಆಯಿತು. ಇಷ್ಟು ತೆತ್ತು ಹಳೆಯ ಗಾಡಿ ಉಳಿಸಿಕೊಳ್ಳುವ ವರ್ತಕರು ಪರೀಕ್ಷೆಗೆಂದೇ ಪ್ರತ್ಯೇಕ ಕೂಲಿ ಕೊಟ್ಟು, ಯಾವ ಭಾಗ ಎಷ್ಟು ಸಡಿಲವಿದೆ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡ ಮೇಲೆಯೇ ಬಿಡಿಭಾಗದಂಗಡಿಗೆ ಹೋಗುವುದು ಲೇಸು. ಬಿಚ್ಚಿದ ಹಳೆಯ ಭಾಗವನ್ನೂ ಆ ಚೀಟಿಯೊಂದಿಗೆ ಕೇಳಿ ಪಡೆಯಬೇಕು.